ಮನೆಯ ಜಿಮ್‌ಗೆ ಎರಡನೆಯ ಬಾರ್ಬೆಲ್: ಯಾವುದನ್ನು ಕೊಳ್ಳಬೇಕು?

ಪ್ರಶ್ನೆ: ನಾನು ಸುರತ್ಕಲ್ ಸಮೀಪ ವಾಸವಿರುವ 43 ವರ್ಷದ ಉಪನ್ಯಾಸಕ. ಮನೆಯ ಹಿಂದಿನ ಶೆಡ್ಡಿನಲ್ಲಿ ಒಂದು ಹಾಫ್ ರ‍್ಯಾಕ್, ಬೆಂಚು, 28.5 ಮಿ.ಮೀ. ದಪ್ಪದ ಸಾಮಾನ್ಯ ಬಳಕೆಯ 20 ಕಿಲೋ ಒಲಿಂಪಿಕ್ ಬಾರ್ಬೆಲ್ ಮತ್ತು ಒಟ್ಟು 140 ಕಿಲೋ ಕಬ್ಬಿಣದ ಪ್ಲೇಟುಗಳಿವೆ. ಸ್ಕ್ವಾಟ್ (ಬಾರ್ ಹೆಗಲ ಮೇಲಿಟ್ಟು ಕುಳಿತೇಳುವುದು) 110 ಕಿಲೋ, ಡೆಡ್‌ಲಿಫ್ಟ್ (ಬಾರ್ ಅನ್ನು ನೆಲದಿಂದ ಎತ್ತಿ ನಿಲ್ಲುವುದು) 150 ಕಿಲೋ ಮುಟ್ಟಿದ್ದೇನೆ. ಸ್ಕ್ವಾಟ್ ಮಾಡುವಾಗ ಬಾರ್ ಹಿಡಿಯಲು ಬಲಭುಜ ನೋಯುತ್ತದೆ. ಕೆಲವು ತಿಂಗಳಿಂದ ನನ್ನ ಪತ್ನಿಯೂ ಜೊತೆಗೆ ಅಭ್ಯಾಸ ಮಾಡುತ್ತಿದ್ದಾಳೆ. ಪ್ಲೇಟೇ ಇಲ್ಲದ ಬಾರ್ ಅನ್ನು ತಲೆಯ ಮೇಲೆತ್ತುವುದೂ ಅವಳಿಗೆ ಕಷ್ಟವಾಗುತ್ತಿದೆ. ಇನ್ನೊಂದು ಬಾರ್ ಕೊಳ್ಳಲು 25,000 ರೂಪಾಯಿ ತೆಗೆದಿಟ್ಟಿದ್ದೇನೆ. ಗೆಳೆಯರೊಬ್ಬರು ಡೆಡ್‌ಲಿಫ್ಟ್ ಬಾರ್ ಕೊಳ್ಳಿ ಎನ್ನುತ್ತಾರೆ, ಇನ್ನೊಬ್ಬರು ಟ್ರ್ಯಾಪ್ ಬಾರ್ ಎನ್ನುತ್ತಾರೆ. ಯಾವುದು ಸರಿ? ಇಲ್ಲಿನ ಉಪ್ಪುಗಾಳಿಗೆ ಯಾವ ಲೇಪನದ ಬಾರ್ ಬಾಳಿಕೆ ಬರುತ್ತದೆ?

ಉತ್ತರ: ನೀವು 25 ಮಿ.ಮೀ. ಹಿಡಿತವಿರುವ, 15 ಕಿಲೋ ತೂಕದ, ವೇಟ್‌ಲಿಫ್ಟಿಂಗ್ ಸ್ಪರ್ಧೆಗಳಲ್ಲಿ ಮಹಿಳೆಯರಿಗೆಂದು ಬಳಸುವ ಅಳತೆಯ ಒಲಿಂಪಿಕ್ ಬಾರ್ ಕೊಳ್ಳಿ ಎಂಬುದು ನನ್ನ ಸಲಹೆ. ನಿಮ್ಮ ಇಬ್ಬರು ಗೆಳೆಯರೂ ಹೇಳದ ಬಾರ್ ಇದು. ಅವರು ನಿಮ್ಮ ಡೆಡ್‌ಲಿಫ್ಟ್ ಒಂದನ್ನೇ ಗಮನಿಸಿ ಉತ್ತರ ಹೇಳಿದ್ದಾರೆ, ಆ ಶೆಡ್ಡಿನಲ್ಲಿ ಈಗ ಇಬ್ಬರು ಅಭ್ಯಾಸ ಮಾಡುತ್ತಿದ್ದಾರೆ ಎಂಬುದನ್ನು ಲೆಕ್ಕಕ್ಕೆ ತೆಗೆದುಕೊಂಡಂತಿಲ್ಲ.

ಎರಡನೆಯ ಬಾರ್ ಕೊಳ್ಳುವವರು ಸಾಮಾನ್ಯವಾಗಿ ಮೊದಲನೆಯದಕ್ಕಿಂತ ಸ್ವಲ್ಪ ಉತ್ತಮವಾದ, ಆದರೆ ಅದೇ ಕೆಲಸ ಮಾಡುವ ಇನ್ನೊಂದನ್ನು ತರುತ್ತಾರೆ. ಹೊಸದು ಬಂದ ಮೇಲೆ ಹಳೆಯದು ಗೋಡೆಗೆ ಒರಗಿ ನಿಲ್ಲುತ್ತದೆ. ಹಾಗಾಗಿ ಯಾವ ಬಾರ್ ಚೆನ್ನಾಗಿದೆ ಎಂದು ಕೇಳುವ ಮೊದಲು, ಈಗಿರುವ ಬಾರ್‌ನಿಂದ ಯಾವ ಕೆಲಸ ಆಗುತ್ತಿಲ್ಲ ಎಂದು ಕೇಳಿಕೊಳ್ಳಬೇಕು. ನಿಮ್ಮ ಪತ್ರದಲ್ಲಿ ಅಂಥ ಕೆಲಸಗಳು ಎರಡು ಕಾಣುತ್ತವೆ: ನಿಮ್ಮ ಶ್ರೀಮತಿಯವರಿಗೆ 20 ಕಿಲೋಗಿಂತ ಕಡಿಮೆ ತೂಕದಿಂದ ಪ್ರೆಸ್ (ಬಾರ್ ಅನ್ನು ತಲೆಯ ಮೇಲೆತ್ತುವ ಅಭ್ಯಾಸ) ಆರಂಭಿಸಲಾಗುತ್ತಿಲ್ಲ, ನಿಮಗೆ ನೋವಿಲ್ಲದೆ ಸ್ಕ್ವಾಟ್ ಮಾಡಲಾಗುತ್ತಿಲ್ಲ. ಡೆಡ್‌ಲಿಫ್ಟಿನ ವಿಷಯದಲ್ಲಿ ನೀವು ಯಾವ ತೊಂದರೆಯನ್ನೂ ಹೇಳಿಲ್ಲ.

ಡೆಡ್‌ಲಿಫ್ಟ್ ಬಾರ್ ಬೇಡವೆನ್ನಲು ಕಾರಣ ಹೇಳಬೇಕು. ಸುಮಾರು 27 ಮಿ.ಮೀ. ದಪ್ಪ, ಸುಮಾರು 2.3 ಮೀಟರ್ ಉದ್ದ ಮತ್ತು ಒರಟು ನರ್ಲಿಂಗ್ (ಕೈ ಜಾರದಂತೆ ಉಕ್ಕಿನ ಮೇಲೆ ಕೊರೆದ ಗೀರುಗಳು) ಇರುವ ಬಾರ್ ಅದು. ತೆಳ್ಳಗೆ, ಉದ್ದಕ್ಕೆ ಇರುವುದರಿಂದ ಭಾರ ಎಳೆಯುವಾಗ ನಡುಭಾಗ ಮೊದಲು ಬಾಗಿ ಮೇಲೇರುತ್ತದೆ, ಪ್ಲೇಟುಗಳು ನಂತರ ನೆಲ ಬಿಡುತ್ತವೆ. ಅಷ್ಟು ಹೊತ್ತಿಗೆ ಎತ್ತುವವರ ಮೊಣಕಾಲು, ಸೊಂಟಗಳು ಸ್ವಲ್ಪ ಎತ್ತರದ, ಬಲ ಹಾಕಲು ಅನುಕೂಲವಾದ ಸ್ಥಿತಿಗೆ ಬಂದಿರುತ್ತವೆ. 250–300 ಕಿಲೋ ಎಳೆಯುವವರಿಗೆ ಇದು ನಿಜವಾದ ಲಾಭ. 150 ಕಿಲೋಗೆ ಬಾರ್ ಬಾಗುವುದು ಅತ್ಯಲ್ಪ, ನಿಮಗೆ ಹೆಚ್ಚೆಂದರೆ ತೆಳುವಾದ ಹಿಡಿತದ ಅನುಕೂಲ ಸಿಕ್ಕೀತು. ಅದೇ ಬಾರ್ ಅನ್ನು ಸ್ಕ್ವಾಟಿಗೆ ಹೆಗಲ ಮೇಲಿಟ್ಟರೆ ಹೆಜ್ಜೆ ಹಿಂದಿಡುವಾಗ ತೂಗಾಡುತ್ತದೆ. ಅಂತರರಾಷ್ಟ್ರೀಯ ಪವರ್‌ಲಿಫ್ಟಿಂಗ್ ಒಕ್ಕೂಟದ ನಿಯಮದಂತೆ ಸ್ಪರ್ಧೆಯ ಬಾರ್ 28ರಿಂದ 29 ಮಿ.ಮೀ. ದಪ್ಪವಿರಬೇಕು, 2.2 ಮೀಟರಿಗಿಂತ ಉದ್ದವಿರಬಾರದು. ಆದುದರಿಂದ ಆ ಒಕ್ಕೂಟದ ನಿಯಮ ಅನುಸರಿಸುವ ಸ್ಪರ್ಧೆಗಳಿಗೆ ಇಳಿಯಬೇಕೆಂದಿದ್ದರೂ ಡೆಡ್‌ಲಿಫ್ಟ್ ಬಾರ್‌ನಲ್ಲಿ ಮಾಡಿದ ಅಭ್ಯಾಸ ಅಲ್ಲಿಗೆ ಹೊಂದುವುದಿಲ್ಲ. ಸ್ಪರ್ಧೆಯೇ ಗುರಿಯಾಗಿದ್ದರೆ 29 ಮಿ.ಮೀ. ದಪ್ಪದ, ನಡುವೆಯೂ ನರ್ಲಿಂಗ್ ಇರುವ ಗಡಸು ಪವರ್ ಬಾರ್ ಕೊಳ್ಳಿ ಎನ್ನುತ್ತಿದ್ದೆ. ಆದರೆ ನಿಮ್ಮಲ್ಲಿ ಈಗಿರುವ 28.5ಕ್ಕೂ ಅದಕ್ಕೂ ಇರುವ ಅಂತರಕ್ಕಾಗಿ ಇಡೀ ಮೊತ್ತ ಸುರಿಯುವುದು ನನಗೆ ದುಂದಾಗಿ ಕಾಣುತ್ತದೆ.

ಟ್ರ್ಯಾಪ್ ಬಾರ್ ಸೂಚಿಸಿದ ಗೆಳೆಯರ ಮಾತಿನಲ್ಲಿ ಹೆಚ್ಚು ತಿರುಳಿದೆ. 1980ರ ದಶಕದಲ್ಲಿ ಅಮೆರಿಕದ ಪವರ್‌ಲಿಫ್ಟರ್ ಆಲ್ ಜೆರಾರ್ಡ್ ರೂಪಿಸಿದ ಈ ಬಾರ್‌ನ ಚೌಕಟ್ಟಿನೊಳಗೆ ನಿಂತು, ಅಂಗೈಗಳು ಒಂದನ್ನೊಂದು ನೋಡುವಂತೆ ಪಕ್ಕದ ಹಿಡಿಗಳನ್ನು ಹಿಡಿದು ಎತ್ತಬೇಕು. ಭಾರವು ದೇಹದ ಮುಂದೆ ಇರುವ ಬದಲು ಎರಡು ಪಕ್ಕಗಳಲ್ಲಿ ಇರುವುದರಿಂದ ಕೆಳಬೆನ್ನಿನ ಮೇಲಿನ ಹೊರೆ ಕಡಿಮೆಯಾಗಿ, ಕಾಲುಗಳಿಗೆ ಕೆಲಸ ಹೆಚ್ಚುತ್ತದೆ. ಕಣಕಾಲಿನ ಮುಂಭಾಗ ಉಜ್ಜಿ ಗಾಯವಾಗುವ ಕಾಟವೂ ಇಲ್ಲ. ಬೆನ್ನು ಹಿಡಿದುಕೊಳ್ಳುತ್ತದೆ ಎಂದು ನೀವು ಬರೆದಿದ್ದರೆ ನನ್ನ ಉತ್ತರ ಬಹುಶಃ ಇದೇ ಆಗಿರುತ್ತಿತ್ತು. ಆದರೆ ಇದು ಸಾಮಾನ್ಯವಾಗಿ ಹಾಫ್ ರ‍್ಯಾಕಿನ ಕೊಕ್ಕೆಗಳ ಮೇಲೆ ಸರಿಯಾಗಿ ಕೂರುವುದಿಲ್ಲ, ಬೆಂಚ್ ಪ್ರೆಸ್‌ಗೆ ಬರುವುದಿಲ್ಲ, ಶೆಡ್ಡಿನಲ್ಲಿ ಜಾಗ ತಿನ್ನುತ್ತದೆ. ಬರಿಯ ತೂಕವೇ 20 ಕಿಲೋ ಮೀರಿರುವ ಮಾದರಿಗಳು ಬಹಳ ಇರುವುದರಿಂದ ನಿಮ್ಮ ಶ್ರೀಮತಿಯವರ ಪ್ರೆಸ್ ಸಮಸ್ಯೆಗೂ ಉಪಯೋಗವಿಲ್ಲ.

ಇನ್ನು 15 ಕಿಲೋ ಬಾರ್‌ನ ವಿಚಾರ. ವೇಟ್‌ಲಿಫ್ಟಿಂಗ್‌ನಲ್ಲಿ ಪುರುಷರ ಸ್ಪರ್ಧಾ ಬಾರ್ 2.2 ಮೀಟರ್ ಉದ್ದ, 28 ಮಿ.ಮೀ. ದಪ್ಪ. ಮಹಿಳೆಯರದು 2.01 ಮೀಟರ್ ಉದ್ದ, 25 ಮಿ.ಮೀ. ದಪ್ಪ. ಉದ್ದದಲ್ಲಿನ ಈ ವ್ಯತ್ಯಾಸ ಇಡಿಯಾಗಿ ಇರುವುದು ಪ್ಲೇಟು ತೂರಿಸುವ ಸ್ಲೀವ್‌ಗಳಲ್ಲಿ. ಒಂದರಲ್ಲಿ 415 ಮಿ.ಮೀ., ಇನ್ನೊಂದರಲ್ಲಿ 320 ಮಿ.ಮೀ. ಎರಡು ಸ್ಲೀವ್‌ಗಳ ನಡುವಿನ ಭಾಗ ಮಾತ್ರ ಎರಡರಲ್ಲಿಯೂ 1,310 ಮಿ.ಮೀ. ಆಗಿರುವುದರಿಂದ, ನಿಮ್ಮ ಈಗಿನ ಬಾರ್ ಕೂರುವ ರ‍್ಯಾಕಿನಲ್ಲಿಯೇ ಇದೂ ಕೂರುತ್ತದೆ. ಸ್ಲೀವ್‌ನ ದಪ್ಪವೂ ಎರಡರಲ್ಲಿ 50 ಮಿ.ಮೀ. ಆದ್ದರಿಂದ ಪ್ಲೇಟು, ಲಾಕುಗಳನ್ನು ಬೇರೆ ತರಬೇಕಿಲ್ಲ.

ಈ ಅಳತೆಗಳನ್ನು ಇಷ್ಟು ಬಿಡಿಸಿ ಹೇಳಲು ಕಾರಣವಿದೆ. ನಮ್ಮ ಮಾರುಕಟ್ಟೆಯಲ್ಲಿ '15 ಕಿಲೋ ರಾಡ್' ಎಂಬ ಹೆಸರಿನಲ್ಲಿ ಮಾರುವ ವಸ್ತುಗಳೆಲ್ಲ ಈ ಬಾರ್ ಆಗಿರುವುದಿಲ್ಲ. ಕೆಲವು ಐದು ಅಥವಾ ಆರು ಅಡಿಯ ರಾಡ್‌ಗಳು. ಅವುಗಳ ನಡುಭಾಗ ಗಿಡ್ಡವಾಗಿರುವುದರಿಂದ ರ‍್ಯಾಕಿನ ಎರಡು ಕಂಬಗಳನ್ನು ದಾಟಿ ಕೊಕ್ಕೆಯ ಮೇಲೆ ನಿಲ್ಲುವುದೇ ಇಲ್ಲ, ಅಥವಾ ಸ್ಲೀವ್ ಕೊಕ್ಕೆಗೆ ತಾಗುವಷ್ಟು ಇಕ್ಕಟ್ಟಾಗಿ ನಿಂತು ಅಪಾಯ ತರುತ್ತವೆ. ಇನ್ನು ಕೆಲವು ಒಂದು ಇಂಚು ತೂತಿನ ಪ್ಲೇಟುಗಳಿಗೆ ಮಾಡಿದ, ತುದಿಯಲ್ಲಿ ನಟ್ಟು ತಿರುಗಿಸುವ ರಾಡ್‌ಗಳು. ನಿಮ್ಮ ಪ್ಲೇಟುಗಳು ಅವುಗಳ ಮೇಲೆ ಲೊಡಲೊಡ ಅಲ್ಲಾಡುತ್ತವೆ. ಮಾರುವವರನ್ನು ಸ್ಲೀವ್‌ಗಳ ನಡುವಿನ ಅಂತರ, ಹಿಡಿತದ ದಪ್ಪ, ಸ್ಲೀವ್‌ನ ದಪ್ಪ ಈ ಮೂರನ್ನೇ ಕೇಳಿ. ಮೂರಕ್ಕೂ ಮಿಲಿಮೀಟರಿನಲ್ಲಿ ಉತ್ತರ ಕೊಡಲಾಗದವರಲ್ಲಿ ಕೊಳ್ಳಬೇಡಿ.

ಐದು ಕಿಲೋ ವ್ಯತ್ಯಾಸದಿಂದ ಏನಾದೀತು ಎನಿಸಬಹುದು. ಓವರ್‌ಹೆಡ್ ಪ್ರೆಸ್‌ನಲ್ಲಿ ಆರಂಭಿಕರಿಗೆ ಅದೇ ದೊಡ್ಡದು. 15 ಕಿಲೋದಿಂದ ಹೊರಟು, ಅರ್ಧ ಕಿಲೋ ಮತ್ತು 1.25 ಕಿಲೋ ಪ್ಲೇಟಿನ ಒಂದೊಂದು ಜೋಡಿ ಇದ್ದರೆ 16, 17.5, 18.5 ಎಂದು ಸ್ವಲ್ಪಸ್ವಲ್ಪವೇ ಏರಿಸುತ್ತ ಹೋಗಬಹುದು. 20 ಕಿಲೋ ಬಾರ್ ಅನ್ನೇ ಕಷ್ಟಪಟ್ಟು ಎತ್ತುವವರಿಗೆ ಆ ಮೆಟ್ಟಿಲುಗಳೇ ಇಲ್ಲ. ಹಿಡಿತವೂ ಅಷ್ಟೇ ಮುಖ್ಯ. ಕೈ ಚಿಕ್ಕದಿದ್ದವರು 28.5 ಮಿ.ಮೀ. ಬಾರ್‌ನಲ್ಲಿ ಡೆಡ್‌ಲಿಫ್ಟ್ ಮಾಡುವಾಗ ಬೆನ್ನು, ಕಾಲುಗಳಿಗೆ ಇನ್ನೂ ಶಕ್ತಿ ಉಳಿದಿದ್ದರೂ ಬೆರಳುಗಳು ಮೊದಲೇ ಸಡಿಲವಾಗುತ್ತವೆ. 25ರಲ್ಲಿ ಹೆಬ್ಬೆರಳು ಬೆರಳುಗಳ ಮೇಲೆ ಬಂದು ಬೀಗ ಹಾಕಿದಂತೆ ಕೂರುತ್ತದೆ. ಈ ಬಾರ್‌ನ ನಡುಭಾಗ ನುಣುಪಾಗಿರುವುದರಿಂದ ಕತ್ತಿನ ಬುಡ, ಕೊರಳೆಲುಬುಗಳ ಚರ್ಮ ಕೆರೆಯುವುದಿಲ್ಲ.

ಮಹಿಳೆಯರ ಬಾರ್ ಎಂದ ಕೂಡಲೇ ಅದು ದುರ್ಬಲವೆಂದು ಭಾವಿಸುವವರು ಬಹಳ. 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಚೀನಾದ ಲಿ ವೆನ್‌ವೆನ್ ಅವರು ಕ್ಲೀನ್ ಆಂಡ್ ಜರ್ಕ್‌ನಲ್ಲಿ 180 ಕಿಲೋ ಎತ್ತಿದ್ದು ಇದೇ ಅಳತೆಯ ಬಾರ್‌ನಿಂದ. ಅದೇ ಕ್ರೀಡಾಕೂಟದಲ್ಲಿ ಮೀರಾಬಾಯಿ ಚಾನು ಅವರು 115 ಕಿಲೋ ಎತ್ತಿ ಬೆಳ್ಳಿ ಪದಕ ಪಡೆದದ್ದೂ ಇದರಿಂದಲೇ. ಒಳ್ಳೆಯ ಉಕ್ಕಿನಿಂದ ಮಾಡಿದ್ದಾದರೆ ನಿಮ್ಮ ಮನೆಯ ಯಾವ ಭಾರವೂ ಅದಕ್ಕೆ ಹೊರೆಯಲ್ಲ. ನಿಮಗೂ ಅದು ಕೆಲಸಕ್ಕೆ ಬರುತ್ತದೆ: ಪ್ರೆಸ್, ಕರ್ಲ್, ರೋಯಿಂಗ್‌ಗಳಿಗೆ ಚೆನ್ನಾಗಿರುತ್ತದೆ. ನಿಮ್ಮ 110 ಕಿಲೋ ಸ್ಕ್ವಾಟಿಗೆ ಮಾತ್ರ ಹಳೆಯದನ್ನೇ ಇಟ್ಟುಕೊಳ್ಳಿ. ತೆಳುವಾದ ಬಾರ್ ಬೆನ್ನಿನ ಮೇಲೆ ಹೆಚ್ಚು ಒತ್ತುತ್ತದೆ.

ಭುಜದ ನೋವಿನ ವಿಷಯದಲ್ಲಿ ನಾನು ಸ್ವಲ್ಪ ಅಳುಕಿನಿಂದಲೇ ಬರೆಯುತ್ತಿದ್ದೇನೆ. ಅದಕ್ಕೆಂದೇ ಇರುವ ಬಾರ್ ಒಂದಿದೆ, ಸೇಫ್ಟಿ ಸ್ಕ್ವಾಟ್ ಬಾರ್. ಕುತ್ತಿಗೆಯ ಸುತ್ತ ಮೆತ್ತೆ, ಎದೆಯ ಮುಂದೆ ಚಾಚಿದ ಎರಡು ಹಿಡಿಗಳು. ಕೈಯನ್ನು ಹಿಂದಕ್ಕೆ ತಿರುಚುವ ಅಗತ್ಯವೇ ಬೀಳುವುದಿಲ್ಲ. ನೀವೊಬ್ಬರೇ ಅಭ್ಯಾಸ ಮಾಡುತ್ತಿದ್ದರೆ ಇದನ್ನೇ ಮೊದಲು ಕೊಳ್ಳಿ ಎನ್ನುತ್ತಿದ್ದೆ. ಆದರೆ ಅದಕ್ಕೆ ಮೊದಲು ದುಡ್ಡು ಖರ್ಚಿಲ್ಲದ ಪರೀಕ್ಷೆಗಳಿವೆ. ನೀವು ಬಾರ್ ಅನ್ನು ಭುಜದ ಹಿಂಬದಿಯಲ್ಲಿ ಕೆಳಗೆ ಇಟ್ಟುಕೊಳ್ಳುವವರಾದರೆ ಕತ್ತಿನ ಬುಡದ ಸ್ನಾಯುವಿನ ಮೇಲಕ್ಕೆ ಏರಿಸಿ, ಕೈಗಳನ್ನು ಎರಡು ಬದಿಯಲ್ಲಿಯೂ ನಾಲ್ಕು ಬೆರಳಿನಷ್ಟು ಹೊರಕ್ಕೆ ಸರಿಸಿ, ಹೆಬ್ಬೆರಳನ್ನು ಬಾರ್‌ನ ಮೇಲೆಯೇ ಇಟ್ಟು ನೋಡಿ. ನಲವತ್ತು ದಾಟಿದ, ದಿನವಿಡೀ ಮೇಜಿನ ಮುಂದೆ ಅಥವಾ ಕರಿಹಲಗೆಯ ಮುಂದೆ ಕಳೆಯುವ ಅನೇಕರಿಗೆ ಇಷ್ಟರಿಂದಲೇ ನೋವು ಇಳಿಯುತ್ತದೆ. ಕೆಲವು ವಾರ ಹೀಗೆ ಮಾಡಿದರೂ ಕಡಿಮೆಯಾಗದಿದ್ದರೆ, ಅಥವಾ ರಾತ್ರಿ ಆ ಮಗ್ಗುಲಿಗೆ ಮಲಗಲು ಆಗದಷ್ಟಿದ್ದರೆ, ಅದು ಬಾರ್ ಬದಲಿಸಿ ಪರಿಹರಿಸುವ ವಿಷಯವಲ್ಲ, ವೈದ್ಯರಿಗೆ ಅಥವಾ ಫಿಸಿಯೋಥೆರಪಿಸ್ಟರಿಗೆ ತೋರಿಸಬೇಕು. ಮುಂದೆ ಎಂದಾದರೂ ಸೇಫ್ಟಿ ಸ್ಕ್ವಾಟ್ ಬಾರ್ ಕೊಂಡರೆ ಮೊದಲ ದಿನವೇ ಅದನ್ನು ತೂಗಿ ನೋಡಿ, ತಯಾರಕರಿಂದ ತಯಾರಕರಿಗೆ ತೂಕ ಬಹಳ ಬೇರೆಯಾಗುತ್ತದೆ. ಅದರಲ್ಲಿ ನಿಮ್ಮ ಸ್ಕ್ವಾಟ್ 110ಕ್ಕಿಂತ ಕೆಳಗಿಳಿದರೆ ಗಾಬರಿಯಾಗಬೇಡಿ, ಭಾರವು ಮುಂದಕ್ಕೆ ಜಗ್ಗುವುದರಿಂದ ಹಾಗಾಗುತ್ತದೆ.

ಲೇಪನದ ಪ್ರಶ್ನೆ ಕರಾವಳಿಯಲ್ಲಿ ಇರುವವರಿಗೆ ಉಳಿದೆಲ್ಲಕ್ಕಿಂತ ದೊಡ್ಡದು. ಘಟ್ಟದ ಮೇಲೆ, ಚಿತ್ರದುರ್ಗದಲ್ಲೋ ಬಳ್ಳಾರಿಯಲ್ಲೋ ಇರುವವರು ಇದನ್ನು ಅಷ್ಟಾಗಿ ತಲೆಗೆ ಹಚ್ಚಿಕೊಳ್ಳಬೇಕಿಲ್ಲ. ಲೇಪನವೇ ಇಲ್ಲದ ಉಕ್ಕಿನ ಬಾರ್ ಕೈಗೆ ಅತ್ಯಂತ ಹಿತವಾದದ್ದು, ಆದರೆ ಸುರತ್ಕಲ್ಲಿನ ಜೂನ್ ತಿಂಗಳಲ್ಲಿ ಅದರ ಮೇಲೆ ಬೆವರಿನ ಬೆರಳಚ್ಚು ಬಿದ್ದಲ್ಲೆಲ್ಲ ಕಂದು ಬಣ್ಣ ಏಳುತ್ತದೆ. ಬ್ಲ್ಯಾಕ್ ಆಕ್ಸೈಡ್ ಎಂಬ ಕಪ್ಪು ಲೇಪನ ನೋಡಲು ಸೊಗಸು, ರಕ್ಷಣೆ ಮಾತ್ರ ಅತಿ ಕಡಿಮೆ. ಎಣ್ಣೆ ಹಚ್ಚುತ್ತ ಹೋದರೆ ಉಂಟು, ಇಲ್ಲದಿದ್ದರೆ ಇಲ್ಲ. ಜಿಂಕ್ ಲೇಪನದ ಗುಣವೆಂದರೆ ಅದು ತಾನು ಸವೆದು ಒಳಗಿನ ಉಕ್ಕನ್ನು ಕಾಯುತ್ತದೆ. ಆದ್ದರಿಂದಲೇ ವರ್ಷ ಕಳೆದಂತೆ ಹೊಳಪು ಹೋಗಿ ಮಂಕಾಗುತ್ತದೆ, ಹಿಡಿಯುವ ಜಾಗದಲ್ಲಿ ತೀರ ತೆಳುವಾಗುತ್ತದೆ. ಹಾರ್ಡ್ ಕ್ರೋಮ್ ಬಹುಕಾಲ ಬಾಳುತ್ತದೆ. ಅದರ ಕೆಲಸ ಒರಟಾಗಿದ್ದರೆ ಲೇಪನ ನರ್ಲಿಂಗ್‌ನ ಸಂದುಗಳಲ್ಲಿ ತುಂಬಿಕೊಂಡು ಹಿಡಿತ ಜಾರಬಹುದು, ಎಲ್ಲಿಯಾದರೂ ಚಕ್ಕೆ ಎದ್ದರೆ ಅದರ ಅಡಿಯಿಂದ ತುಕ್ಕು ಹರಡುತ್ತದೆ. ಸೆರಾಕೋಟ್ ಎಂಬ ಸೆರಾಮಿಕ್ ಬಣ್ಣ ಉಪ್ಪನ್ನು ಚೆನ್ನಾಗಿ ತಡೆಯುತ್ತದೆಯಾದರೂ ರ‍್ಯಾಕಿನ ಕೊಕ್ಕೆ ಉಜ್ಜುವಲ್ಲಿ ಗೀರಿ ಹೋಗುತ್ತದೆ. ಸ್ಟೇನ್‌ಲೆಸ್ ಸ್ಟೀಲಿನ ಬಾರ್‌ಗೆ ಲೇಪನವೇ ಬೇಡ, ನರ್ಲಿಂಗ್ ಲೇತಿನಿಂದ ಇಳಿದಾಗ ಇದ್ದಂತೆಯೇ ಚೂಪಾಗಿ ಉಳಿಯುತ್ತದೆ. ಕಡಲ ಗಾಳಿಗೆ ಅದರ ಮೇಲೂ ಚಹಾ ಚೆಲ್ಲಿದಂಥ ಕಲೆ ಬರಬಹುದು, ಆದರೆ ಒರೆಸಿದರೆ ಹೋಗುವಂಥದ್ದು. ನಿಮ್ಮ ಮೊತ್ತದಲ್ಲಿ ಸ್ಟೇನ್‌ಲೆಸ್ ಬಾರ್ ಸಿಕ್ಕಿದರೆ ಮರುಯೋಚನೆ ಬೇಡ. ಸಿಗದಿದ್ದರೆ ಹಿಡಿತ ಮತ್ತು ಸ್ಲೀವ್ ಎರಡಕ್ಕೂ ಹಾರ್ಡ್ ಕ್ರೋಮ್ ಇರುವುದನ್ನು ಆರಿಸಿ.

ಯಾವ ಲೇಪನವಿದ್ದರೂ ಆರೈಕೆ ತಪ್ಪದು. ಅಭ್ಯಾಸ ಮುಗಿದ ಕೂಡಲೇ ಒಣಬಟ್ಟೆಯಿಂದ ಬೆವರು ಒರೆಸಿ. ಕೈಗೆ ಹಚ್ಚುವ ಚಾಕ್ ಪುಡಿ ನರ್ಲಿಂಗ್‌ನೊಳಗೆ ಕುಳಿತು ತೇವ ಹಿಡಿದಿಡುವುದರಿಂದ ನೈಲಾನ್ ಬ್ರಷ್ಷಿನಿಂದ ಉಜ್ಜಿ ತೆಗೆಯಿರಿ. ಮಳೆಗಾಲದಲ್ಲಿ ವಾರಕ್ಕೊಮ್ಮೆ, ಉಳಿದಂತೆ ತಿಂಗಳಿಗೊಮ್ಮೆ ಹೊಲಿಗೆ ಯಂತ್ರದ ಎಣ್ಣೆಯನ್ನು ತೆಳುವಾಗಿ ಸವರಿ, ಹತ್ತು ನಿಮಿಷ ಬಿಟ್ಟು, ಕೈಗೆ ಅಂಟದಷ್ಟು ಒರೆಸಿಬಿಡಿ. ಮನೆಯಲ್ಲಿದೆಯೆಂದು ತೆಂಗಿನೆಣ್ಣೆ ಹಚ್ಚುವವರನ್ನು ನೋಡಿದ್ದೇನೆ. ಅದು ಕನರಿ, ಅಂಟಾಗಿ, ಧೂಳನ್ನೆಲ್ಲ ಹಿಡಿದುಕೊಳ್ಳುತ್ತದೆ. ತುಕ್ಕು ಮೊದಲು ಕಾಣಿಸಿಕೊಳ್ಳುವ ಜಾಗವೆಂದರೆ ಸ್ಲೀವ್‌ನೊಳಗೆ ಬಾರ್ ಹೊಕ್ಕುವ ಸಂದು. ಅಲ್ಲಿ ಬೆರಳಾಡಿಸಿದಾಗ ಕುಂಕುಮದಂಥ ಪುಡಿ ಹತ್ತಿದರೆ ಸ್ಲೀವ್ ತಿರುಗಲು ಒಳಗೆ ಕೂರಿಸಿದ ಬುಷ್ ಎಂಬ ಬಳೆಗೂ ತೇವ ಇಳಿದಿದೆ ಎಂದು ತಿಳಿದು, ಎರಡು ಹನಿ ಎಣ್ಣೆ ಬಿಟ್ಟು ಸ್ಲೀವನ್ನು ತಿರುಗಿಸುತ್ತ ಕೆಂಪು ಬಣ್ಣ ಹೋಗುವವರೆಗೆ ಒರೆಸಬೇಕು. ಬಾರ್ ಅನ್ನು ಗೋಡೆಗೆ ಒರಗಿಸಿ ನಿಲ್ಲಿಸಬೇಡಿ. ನೆಲದ ತೇವ ಕೆಳಗಿನ ಸ್ಲೀವಿಗೆ ತಾಗುತ್ತಿರುತ್ತದೆ. ಗೋಡೆಯಿಂದ ಒಂದಿಷ್ಟು ದೂರದಲ್ಲಿ ಅಡ್ಡಲಾಗಿ, ರಬ್ಬರ್ ಹೊದಿಸಿದ ಕೊಕ್ಕೆಗಳ ಮೇಲೆ ಇಡಿ.

ಸ್ಲೀವ್ ತಿರುಗುವ ವ್ಯವಸ್ಥೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ನಿಮ್ಮ ಅಭ್ಯಾಸಕ್ಕೆ ಕಂಚಿನ ಬುಷ್ ಸಾಕು, ಬೇರಿಂಗ್ ಇರುವುದು ಸ್ನ್ಯಾಚ್, ಕ್ಲೀನ್ ಎಂಬ ವೇಟ್‌ಲಿಫ್ಟಿಂಗ್‌ನ ವೇಗದ ಎತ್ತುಗಳನ್ನು ಮಾಡುವವರಿಗೆ. ಜಾಹೀರಾತುಗಳಲ್ಲಿ '1,000 ಪೌಂಡ್ ಸಾಮರ್ಥ್ಯ', ಅಂದರೆ ಸುಮಾರು 454 ಕಿಲೋ, ಎಂದು ಬರೆದಿರುವುದನ್ನು ನಂಬಿ ಕೊಳ್ಳಬೇಡಿ. ನಿಶ್ಚಲವಾಗಿ ನಿಂತ ಭಾರವನ್ನು ಹೊರುವುದು ಬೇರೆ, ಭಾರ ಹೊತ್ತ ಬಾರ್ ರ‍್ಯಾಕಿನ ಸುರಕ್ಷಾ ಕಂಬಿಯ ಮೇಲೆ ಬಿದ್ದಾಗ ಬಾಗದೆ ಉಳಿಯುವುದು ಬೇರೆ. ಉಕ್ಕಿನ ಟೆನ್ಸೈಲ್ ಸಾಮರ್ಥ್ಯ (ಎಳೆತಕ್ಕೆ ಮುರಿಯದೆ ತಡೆಯುವ ಶಕ್ತಿ) ಎಷ್ಟೆಂದು ಕೇಳಿ. 1,90,000 ಪಿಎಸ್‌ಐ, ಅಂದರೆ ಸುಮಾರು 1,310 ಮೆಗಾಪ್ಯಾಸ್ಕಲ್, ಎಂಬ ಉತ್ತರ ಬಂದರೆ ಮನೆಯ ಬಳಕೆಗೆ ಧಾರಾಳವಾಯಿತು.

ಏಳು ಅಡಿಯ ಹತ್ತಿರದ ವಸ್ತು ಲಾರಿಯಲ್ಲಿ ಬರುವಾಗ ಏನಾದರೂ ಆಗಬಹುದು, ಆದ್ದರಿಂದ ಬಂದ ದಿನವೇ ಪರೀಕ್ಷಿಸಿ. ರ‍್ಯಾಕಿನ ಕೊಕ್ಕೆಗಳ ಮೇಲಿಟ್ಟು, ನಡುಭಾಗವನ್ನು ಅಂಗೈಯಿಂದ ನಿಧಾನವಾಗಿ ಉರುಳಿಸುತ್ತ, ಕಣ್ಣನ್ನು ಬಾರ್‌ನ ಒಂದು ತುದಿಯ ಮೇಲೆ ನೆಟ್ಟು ನೋಡಿ. ನೇರವಾಗಿದ್ದರೆ ಆ ತುದಿ ಇದ್ದಲ್ಲೇ ಸುತ್ತುತ್ತದೆ, ಬಾಗಿದ್ದರೆ ಏರಿಳಿಯುತ್ತದೆ. ಸ್ಲೀವ್ ಕಳಚದಂತೆ ಅದರ ತುದಿಯಲ್ಲಿ ಹಿಡಿದಿಡುವ ಸರ್ಕ್ಲಿಪ್ ಎಂಬ ಉಂಗುರ ತನ್ನ ತೋಡಿನೊಳಗೆ ಸುತ್ತಲೂ ಸಮನಾಗಿ ಕುಳಿತಿದೆಯೇ ನೋಡಿ. ಪಕ್ಕದ ಲೇತ್ ಅಂಗಡಿಯಿಂದ ವರ್ನಿಯರ್ ತಂದು ಹಿಡಿತದ ದಪ್ಪ ಅಳೆಯಿರಿ. ಬಾರ್ ಹಿಡಿದು ತಕ್ಕಡಿಯ ಮೇಲೆ ನಿಂತು ನಿಮ್ಮ ತೂಕ ಕಳೆಯಿರಿ. ಅಂತರರಾಷ್ಟ್ರೀಯ ವೇಟ್‌ಲಿಫ್ಟಿಂಗ್ ಸ್ಪರ್ಧೆಗಳ ಬಾರ್‌ಗೆ ಶೇಕಡಾ 0.1ರಷ್ಟು ಹೆಚ್ಚು, ಶೇಕಡಾ 0.05ರಷ್ಟು ಕಡಿಮೆ ಮಾತ್ರ ಇರಲು ಅವಕಾಶ, ಅಂದರೆ 15 ಕಿಲೋಗೆ 15 ಗ್ರಾಂ ಮೇಲೆ, ಏಳೂವರೆ ಗ್ರಾಂ ಕೆಳಗೆ. ಮನೆಯ ತಕ್ಕಡಿಗೆ ಅಷ್ಟು ಸೂಕ್ಷ್ಮ ತಿಳಿಯದು, ನಿಮಗೆ ಅದು ಬೇಕಾಗಿಯೂ ಇಲ್ಲ. ಆದರೆ 15 ಎಂದದ್ದು 13.5 ತೂಗಿದರೆ ಹಿಂದಿರುಗಿಸಿ.

ಕೊನೆಯದಾಗಿ ಪ್ಲೇಟುಗಳ ಲೆಕ್ಕ, ಏಕೆಂದರೆ ಇಡೀ 25,000 ರೂಪಾಯಿಯನ್ನು ಬಾರ್‌ಗೇ ಹಾಕಬಾರದು. ನೀವು 150 ಕಿಲೋ ಎಳೆಯುವ ದಿನ ನಿಮ್ಮ ಬಾರ್ ಮೇಲೆ 130 ಕಿಲೋ ಪ್ಲೇಟಿರುತ್ತದೆ, ಎರಡನೆಯ ಬಾರ್‌ಗೆ ಉಳಿಯುವುದು 10 ಕಿಲೋ. ಅದೂ ಅಲ್ಲದೆ, ದೊಡ್ಡ ಪ್ಲೇಟಿನ ವ್ಯಾಸ 450 ಮಿ.ಮೀ. ಇರುವುದರಿಂದ ಬಾರ್‌ನ ನಡುರೇಖೆ ನೆಲದಿಂದ 225 ಮಿ.ಮೀ. ಎತ್ತರದಲ್ಲಿ ನಿಲ್ಲುತ್ತದೆ. 5 ಕಿಲೋದ ಕಬ್ಬಿಣದ ಪ್ಲೇಟು ಇದರ ಅರ್ಧದಷ್ಟೇ ಅಗಲವಿರುವುದರಿಂದ, ಅದನ್ನು ಹಾಕಿ ಡೆಡ್‌ಲಿಫ್ಟ್ ಕಲಿಯುವವರು ಬೆನ್ನು ಗೂನು ಮಾಡಿಕೊಂಡು ನೆಲದ ಹತ್ತಿರದವರೆಗೆ ಬಗ್ಗಬೇಕಾಗುತ್ತದೆ. ನಿಮ್ಮ ಶ್ರೀಮತಿಯವರಿಗಾಗಿ 450 ಮಿ.ಮೀ. ವ್ಯಾಸದ, ತಲಾ 10 ಕಿಲೋದ ರಬ್ಬರ್ ಬಂಪರ್ ಪ್ಲೇಟು ಒಂದು ಜೋಡಿ ತನ್ನಿ. ಬಾರ್ ಸೇರಿ 35 ಕಿಲೋ ಆಗುತ್ತದೆ, ಡೆಡ್‌ಲಿಫ್ಟ್ ಆರಂಭಕ್ಕೆ ತಕ್ಕ ತೂಕ. ಅದೇ ವ್ಯಾಸದ 5 ಕಿಲೋ ಜೋಡಿಯೂ ಸಿಗುತ್ತದೆ, ಆದರೆ ಅವು ತೀರ ತೆಳುವಾದ್ದರಿಂದ ಕೈಬಿಟ್ಟು ಬೀಳಿಸಿದರೆ ಬೇಗ ಬಾಗುತ್ತವೆ. ಇದರ ಜೊತೆಗೆ 1.25 ಕಿಲೋ ಮತ್ತು ಅರ್ಧ ಕಿಲೋದ ಒಂದೊಂದು ಜೋಡಿ, ಇನ್ನೊಂದು ಜೊತೆ ಲಾಕು. ಬಂಪರ್ ಬರುವುದು ತಡವಾದರೆ, ಅಲ್ಲಿಯವರೆಗೆ ಚಿಕ್ಕ ಪ್ಲೇಟುಗಳ ಅಡಿಗೆ ಎರಡು ಬದಿಯಲ್ಲಿಯೂ ಸಮ ಎತ್ತರದ ಮರದ ಹಲಗೆಗಳನ್ನು ಜೋಡಿಸಿ, ಬಾರ್ ಅವರ ಮೊಣಕಾಲಿನ ಕೆಳಗೆ, ಕಣಕಾಲಿನ ನಡುಮಟ್ಟಕ್ಕೆ ಬರುವಂತೆ ಇಟ್ಟುಕೊಟ್ಟು ಅಭ್ಯಾಸ ಮುಂದುವರಿಸಿ.